ಹಲ್ಲು ಕೀಳದ ನನ್ನ ತಮ್ಮ

ಅಂದು ಸೋಮವಾರ. ಹೊನ್ನಾವರದ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಕಿಟಕಿಯಿಂದ ನೋಡಿದರೆ, ಲಡಾಯಿಯ ಕಾಲದಲ್ಲಿ ದಂಡಿನ ಆಸ್ಪತ್ರೆಗೆ ಸೇರಿದ್ದ ನನ್ನ ತಮ್ಮ ಒಂದು ತಗಡಿನ ಪೆಟ್ಟಿಗೆ ಹೊತ್ತುಕೊಂಡು ಬರುತ್ತಿದ್ದ. ಆ ದಿನದಿಂದ ನಮ್ಮ ಮನೆಯಲ್ಲಿ ಏನಾದರೊಂದು ನಗುವಂಥದ್ದು ನಡೆಯದ ವಾರವಿಲ್ಲ. ಈಗ ಅವನಿಲ್ಲ. ಈ ಮಳೆಗಾಲ ಹಿಡಿಯುವ ಮೊದಲು ಜ್ವರ ಬಂದು ಹೋದ. ಆದರೂ ಪೇಟೆಯಲ್ಲಿ ಜನ ನನ್ನನ್ನು ನಿಲ್ಲಿಸಿ ಅವನ ಕಥೆ ಹೇಳಿ ನಗುತ್ತಾರೆ. ಅವರು ಹೇಳುವಾಗ ಪ್ರತಿ ಸಲವೂ ಸ್ವಲ್ಪ ಹೆಚ್ಚಾಗುತ್ತದೆ. ಆದ್ದರಿಂದ ನಡೆದಷ್ಟನ್ನೇ ಬರೆದಿಡುತ್ತಿದ್ದೇನೆ.

ಹದಿನಾಲ್ಕು ತಿಂಗಳ ವಿದ್ಯೆ

ಬಂದ ದಿನವೇ ಚಿಕ್ಕಮ್ಮ ವಿಚಾರಣೆಗೆ ಕುಳಿತಳು.

"ದಂಡಿನಲ್ಲಿ ಎಂತ ಕಲಿತೆ ತಮ್ಮಾ?"

"ಡೆಂಟಲ್ ಹೈಜೀನಿಸ್ಟ್ ಆಗಿದ್ದೇನೆ, ಚಿಕ್ಕಮ್ಮ."

"ಹಾಗಂದ್ರೆ?"

"ಹಲ್ಲು ಸ್ವಚ್ಛ ಮಾಡುವುದು."

"ಎಷ್ಟು ದಿನ ಕಲಿಸಿದ್ರು?"

"ಹದಿನಾಲ್ಕು ತಿಂಗಳು. ಕೊನೆಗೆ ಪರೀಕ್ಷೆಯೂ ಇತ್ತು."

ನಮಗೆಲ್ಲ ಉಮಿಕರಿಯಲ್ಲಿ ಹಲ್ಲು ತಿಕ್ಕುವುದನ್ನು ಕಲಿಸಿದವಳೇ ಅವಳು. ಒಂದು ಬೆಳಿಗ್ಗೆಯಲ್ಲಿ ಕಲಿಸಿ ಮುಗಿಸಿದ್ದಳು. ನನ್ನ ಕಡೆ ತಿರುಗಿ ದನಿ ಇಳಿಸಿ ಹೇಳಿದಳು: "ಇವ ಸಣ್ಣವನಿದ್ದಾಗಿಂದಲೂ ಸ್ವಲ್ಪ ನಿಧಾನವೇ ಹೌದು."

ಕುಮಟೆಯ ಗಿರಾಕಿ

ತಮ್ಮನಿಗೆ ಹಲ್ಲಿನ ಮೇಲೆ ಗಟ್ಟಿಯಾಗಿ ಕೂತ ಕೊಳೆಯನ್ನು ಕೆರೆದು ತೆಗೆಯಲು ಬರುತ್ತಿತ್ತು, ಒಸಡು ನೋಡಲು ಬರುತ್ತಿತ್ತು. ಕೀಳುವುದು ಅವನ ಕೆಲಸವಲ್ಲ, ಅದು ಡಾಕ್ಟರರದು. ಈ ಗಡಿಯನ್ನು ಅವನು ಒಂದು ದಿನವೂ ದಾಟಲಿಲ್ಲ. ಜನರಿಗೆ ಮಾತ್ರ ಅದು ತಲೆಗೆ ಹೋಗುತ್ತಿರಲಿಲ್ಲ.

ಒಬ್ಬ ಅಂಗಡಿಕಾರರು ಕೆನ್ನೆಗೆ ಪಂಚೆ ಸುತ್ತಿಕೊಂಡು ಕುಮಟೆಯಿಂದ ಬಸ್ಸಿನಲ್ಲಿ ಬಂದರು.

"ದವಡೆ ಹಲ್ಲು. ಕಿತ್ತು ಬಿಡಿ."

"ನಾನು ಕೀಳುವಂತಿಲ್ಲ. ಕಾರವಾರಕ್ಕೆ ಹೋಗಿ, ಅಲ್ಲಿ ಡಾಕ್ಟರರಿದ್ದಾರೆ."

"ಮತ್ತೆ ನೀವು ಎಂತ ಮಾಡ್ತ್ರಿ?"

"ಕೆರೆದು ಸ್ವಚ್ಛ ಮಾಡುತ್ತೇನೆ."

ಅವರು ಕಾರವಾರದ ದಾರಿಯನ್ನು ನೆನೆದರು. ಮತ್ತೆ ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದರು.

"ಆತು. ಅದು ಬೀಳುವ ತನಕ ಕೆರೆಯಿರಿ."

ಬೆಳಕೆಯ ತಕರಾರು

ಭಟ್ಕಳ ಕಡೆಯ ಊರುಗಳಿಗೂ ತಮ್ಮ ಪೆಟ್ಟಿಗೆ ಹೊತ್ತು ಹೋಗುತ್ತಿದ್ದ. ಬೆಳಕೆಯಲ್ಲಿ ದೋಣಿ ಇಟ್ಟುಕೊಂಡಿದ್ದ ಒಬ್ಬ ಹಿರಿಯರು. ನಲವತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪು ಜಗಿದ ಬಾಯಿ. ಅವರ ಕೆಳಗಿನ ಸಾಲನ್ನು ತಮ್ಮ ಕೆರೆದ. ಮೂರು ಕಪ್ಪು ತುಂಡು ಹೊರಬಿದ್ದವು. ಹಿರಿಯರು ನಾಲಿಗೆ ಆಡಿಸಿ ನೋಡಿದರೆ ಎಲ್ಲ ಕಡೆ ಸಂದು!

"ಅಯ್ಯೋ, ಅರ್ಧ ಹಲ್ಲು ತೆಗೆದು ಹಾಕಿದ!"

"ಅದು ಹಲ್ಲಲ್ಲ, ಕೊಳೆ ಕಲ್ಲಾದದ್ದು. ನಿಮ್ಮದಲ್ಲ."

"ನಲವತ್ತು ವರ್ಷ ನನ್ನ ಬಾಯಲ್ಲಿದ್ದದ್ದು ನನ್ನದಲ್ಲದೆ ನಿನ್ನ ಅಪ್ಪಂದಾ?"

ಮರುದಿನ ಅವರು ಹೊಳೆ ದಾಟಿ ಸೀದಾ ನನ್ನ ಶಾಲೆಗೇ ಬಂದರು. ಕೈಯಲ್ಲಿ ಕಾಗದದ ಪೊಟ್ಟಣ.

"ಮಾಸ್ತರೇ, ನಿಮ್ಮ ತಮ್ಮನ ಮೇಲೆ ಒಂದು ಅರ್ಜಿ ಬರೆಯಬೇಕು. ನಿಮ್ಮ ಅಕ್ಷರ ಚಂದ ಅಂತಾರೆ."

ಬರೆದೆ. ತಾರೀಕು ಹಾಕಿದೆ. ತುಂಡುಗಳು "ಗೋಟಡಿಕೆಯಷ್ಟು" ಎಂದು ಬರೆಯಲು ಹೇಳಿದರು. ಪೊಟ್ಟಣ ಬಿಚ್ಚಿಸಿ ನೋಡಿ, "ಹುರುಳಿ ಕಾಳಿನಷ್ಟು" ಎಂದು ಬರೆದೆ. ಅದಕ್ಕಾಗಿ ಅರ್ಧ ತಾಸು ಜಗಳವಾಯಿತು. ಕೊನೆಗೆ "ದೊಡ್ಡ ಹುರುಳಿ" ಎಂಬಲ್ಲಿಗೆ ರಾಜಿಯಾದೆವು.

ತಾಲೂಕು ಕಚೇರಿಯವರು ಅರ್ಜಿಗೆ ಮೊಹರು ಹೊಡೆದು ಹಿರಿಯರಿಗೇ ವಾಪಸ್ಸು ಕಳಿಸಿದರು. ಅಂಚಿನಲ್ಲಿ ಕೆಂಪು ಶಾಯಿಯ ಒಂದು ಸಾಲು: "ಪೊಟ್ಟಣವನ್ನು ಇನ್ನು ಮುಂದೆ ಕಚೇರಿಗೆ ತರತಕ್ಕದ್ದಲ್ಲ."

ಎಂಟು ಮಂದಿಯ ಲೈಸೆನ್ಸು

ಸ್ವಾತಂತ್ರ್ಯ ಬಂದ ಮರುವರ್ಷ ಹೊಸ ಕಾಯ್ದೆ ಬಂತು. ಹಲ್ಲಿನ ಕೆಲಸ ಮಾಡುವವರೆಲ್ಲ ಸರಕಾರದ ಪಟ್ಟಿಯಲ್ಲಿ ಹೆಸರು ದಾಖಲಿಸಬೇಕು, ಇಲ್ಲದಿದ್ದರೆ ಕೆಲಸ ನಿಲ್ಲಿಸಬೇಕು. ಸುದ್ದಿ ಪೇಟೆ ದಾಟಿ ಧಾರೇಶ್ವರ ಮುಟ್ಟುವಷ್ಟರಲ್ಲಿ, ಹಲ್ಲು ತಿಕ್ಕುವವರಿಗೆಲ್ಲ ಲೈಸೆನ್ಸು ಬೇಕು ಎಂದಾಗಿತ್ತು. ಜನರ ತಪ್ಪಿಲ್ಲ. ಸಕ್ಕರೆಗೆ ಕಾರ್ಡು, ಚಿಮಣಿ ಎಣ್ಣೆಗೆ ಕಾರ್ಡು, ಬಟ್ಟೆಗೆ ಚೀಟಿ. ಹಲ್ಲೊಂದು ಉಳಿದಿತ್ತು.

ಅಲ್ಲಿಯ ಒಬ್ಬ ರೈತರು ರೇಶನ್ ಕಾರ್ಡು ಹಿಡಿದು ಬಂದರು.

"ಮನೆಯಲ್ಲಿ ಎಂಟು ಮಂದಿ, ಮಾಸ್ತರೇ. ಎಲ್ಲರಿಗೂ ತಿಕ್ಕುವ ಪರವಾನಗಿಗೆ ಬರೆದುಕೊಡಿ."

ಹಾಗೇನೂ ಇಲ್ಲವೆಂದು ಹೇಳಿದೆ. ನಂಬಲಿಲ್ಲ. ಕಾರ್ಡು ನೋಡಿ ಕೇಳಿದೆ: "ಇದರಲ್ಲಿ ನಿಮ್ಮ ಅತ್ತೆಯೂ ಇದ್ದಾರಲ್ಲ. ಅವರಿಗೆ ಹಲ್ಲೆಷ್ಟು?"

"ಒಂದೂ ಇಲ್ಲ. ಆದರೂ ಬರೆದಿರಲಿ. ಈಗ ಹೆಸರು ಬಿಟ್ಟರೆ ಆಮೇಲೆ ಸೇರಿಸಿಕೊಳ್ಳುದಿಲ್ಲ."

ಪುರಾವೆ

ನಿಜವಾಗಿ ಬಿಸಿ ತಟ್ಟಿದ್ದು ತಮ್ಮನಿಗೆ. ಕಲಿತದ್ದಕ್ಕೆ ದಂಡಿನ ಕಾಗದವಿತ್ತು. ಆದರೆ ಇಷ್ಟು ದಿನ ಇದೇ ಕೆಲಸದಿಂದ ಬದುಕಿದ್ದಾನೆ ಎಂಬುದಕ್ಕೆ, ಪಟ್ಟಿಯ ಹೆಸರು ಪರಿಶೀಲಿಸುವ ಕಾರವಾರದ ಸಾಹೇಬರು ಬರಹದ ಪುರಾವೆ ಬೇಕೆಂದರು. ಬಂಗಡೆ ಮೀನು, ಎಳನೀರು ಕೊಟ್ಟು ಹಲ್ಲು ಕೆರೆಸಿಕೊಂಡವರು ಯಾವ ಬರಹ ಕೊಟ್ಟಾರು? ಕುಮಟೆಯ ಆ ಅಂಗಡಿಕಾರರು ಸಾಕ್ಷಿಪತ್ರ ಬರೆಸಿ ಕಳಿಸಿದರು: "ಇವರು ನಾನು ಎಷ್ಟು ಕೇಳಿಕೊಂಡರೂ ನನ್ನ ಹಲ್ಲು ಕೀಳಲಿಲ್ಲ."

ತಮ್ಮ ಊಟ ಬಿಟ್ಟ. ಪೆಟ್ಟಿಗೆಯ ಸಾಮಾನನ್ನು ಒಂದೊಂದಾಗಿ ಒರೆಸಿ ಒಳಗಿಟ್ಟ. "ಇನ್ನು ತೆಗೆಯುವುದಿಲ್ಲ, ಅಣ್ಣ" ಎಂದ. ಆಗ ನನಗೆ ಆ ತಕರಾರು ಅರ್ಜಿ ನೆನಪಾಯಿತು.

ಬೆಳಕೆಗೆ ಹೋದೆವು. ಹಿರಿಯರು ಬಾಗಿಲಲ್ಲೇ ಹೇಳಿದರು: "ತಕರಾರು ಹಿಂದೆ ತೆಗೆಯುದಿಲ್ಲ."

"ತೆಗೆಯಬೇಡಿ. ಅದನ್ನು ಕಾರವಾರದಲ್ಲಿ ಸಾಹೇಬರಿಗೆ ತೋರಿಸಬೇಕು, ಅಷ್ಟೆ."

"ಸಾಹೇಬರಿಗೆ? ಹಾಗಾದರೆ ನಾನೂ ಬತ್ತೆ!"

ಪೊಟ್ಟಣ ಸಮೇತ ಬಂದರು. ಕಾರವಾರದ ಸಾಹೇಬರು ದೊಡ್ಡದಾಗಿ ಓದಿದರು: "ಸದರಿ ಇಸಮನು ಸದರಿ ತಾರೀಕಿನಂದು ಲೋಹದ ಸಾಧನದಿಂದ ನನ್ನ ಹಲ್ಲುಗಳನ್ನು ಕೆರೆದು, ದೊಡ್ಡ ಹುರುಳಿ ಕಾಳಿನಷ್ಟು ಮೂರು ತುಂಡುಗಳನ್ನು ತೆಗೆದಿರುತ್ತಾನೆ." ಕನ್ನಡಕದ ಮೇಲಿಂದ ನೋಡಿದರು. "ಒಂದಾದರೂ ಹಲ್ಲು ಕಿತ್ತನೇ?"

"ಇಲ್ಲ ಸಾಹೇಬರೇ, ಸುಳ್ಳು ಹೇಳುದಿಲ್ಲ. ಬರೀ ಕೆರೆದ. ಊರೂರಿಗೆ ಹೋಗಿ ಎಲ್ಲರದ್ದೂ ಕೆರೀತಾನೆ! ಇವನಿಗೆ ಬೇರೆ ಕೆಲಸವೇ ಇಲ್ಲ!"

ಸಾಹೇಬರು ಪೆನ್ನು ಕೆಳಗಿಟ್ಟು ನಕ್ಕರು. ಕಣ್ಣೊರೆಸಿಕೊಂಡರು. "ಕಾಯ್ದೆ ಕೇಳುವುದೂ ಇಷ್ಟೇ" ಎಂದು ಸಹಿ ಹಾಕಿದರು.

"ನನ್ನ ಪೊಟ್ಟಣದ ತೀರ್ಮಾನ ಎಂತ ಆತು?" ಎಂದು ಹಿರಿಯರು ಕಾರವಾರದಿಂದ ಹೊನ್ನಾವರದವರೆಗೂ ಬಸ್ಸಿನಲ್ಲಿ ಕೇಳುತ್ತಲೇ ಇದ್ದರು. ತಮ್ಮ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದ. ಅವನು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. ಅವನ ಹೆಸರು ಪಟ್ಟಿಗೆ ಸೇರಿತು. ಐದು ತಿಂಗಳು ಕೆಲಸ ಮಾಡಿದ.

ಅವನು ಹೋದ ನಾಲ್ಕನೆಯ ದಿನ ಬೆಳಕೆಯ ಹಿರಿಯರು ಹೊಳೆ ದಾಟಿ ಬಂದರು. ಜಗಲಿಯಲ್ಲಿ ಬಹಳ ಹೊತ್ತು ಕುಳಿತರು. ಏಳುವಾಗ, "ಎಂತ ಮಾಡುದು, ಮಾಸ್ತರೇ" ಅಂದರು.

ಅವರ ಹಲ್ಲು ಬೆಳ್ಳಗಿದ್ದವು, ಮೇಲಿನ ಸಾಲೂ.