ಮುಂಗಡ ಕ್ಷಮೆಯ ಟವೆಲ್

ಆತ್ಮಕಥನ ಬರೆಯುವವರ ಮನೆಯಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ಅವರು ವಿಮರ್ಶಕರೂ ಆಗಿದ್ದು, ಮನೆ ಟೋಕಿಯೋದ ನಿಶಿ ಕಸಾಯಿಯಲ್ಲಿದ್ದರೆ ಕೇಳುವುದೇ ಬೇಡ. ನಮ್ಮ ಕಟ್ಟಡದಲ್ಲಿ ಕನ್ನಡದವರದು ನಾಲ್ಕೇ ಮನೆ. ಮುನಿಸಿಕೊಂಡರೆ ಬೇರೆ ನಾಲ್ಕು ಸಿಗುವುದಿಲ್ಲ.

೧. ಬಿಸಿಬೇಳೆಬಾತಿನ ವಿಮರ್ಶೆ

ಮೇಲಿನ ಮಹಡಿಯ ಮೈಸೂರಿನ ಗೆಳತಿ ನನಗಿಲ್ಲಿ ಅಕ್ಕನಿಗಿಂತ ಹೆಚ್ಚು. ಕಸ ಬೇರ್ಪಡಿಸುವುದರಿಂದ ಹಿಡಿದು ರೈಲಿನಲ್ಲಿ ಫೋನು ಎತ್ತಬಾರದೆಂಬುದರವರೆಗೆ ನನಗೆ ಕಲಿಸಿದವಳು ಅವಳೇ. ಒಂದು ದಿನ ಬಿಸಿಬೇಳೆಬಾತ್ ತಂದಳು. "ಹೇಗಿದೆ? ಹಾನೆಸ್ಟ್ ಆಗಿ ಹೇಳು."

ಬೆಳಗಿನಿಂದ ನಾನು ಯಾವುದೋ ಕಾದಂಬರಿಯ ವಿಮರ್ಶೆ ಬರೆಯುತ್ತಿದ್ದೆ. ಅದೇ ಗುಂಗಿನಲ್ಲಿ, "ಆರಂಭ ಚೆನ್ನಾಗಿದೆ. ಮಧ್ಯೆ ಸ್ವಲ್ಪ ಎಳೆದಿದೆ. ಕೊನೆಗೆ ಹುಳಿ ಅನಗತ್ಯ" ಅಂದುಬಿಟ್ಟೆ.

ಅವಳು ನಗುತ್ತಲೇ ಎದ್ದು ಹೋದಳು. ಮುಂದಿನ ವಾರದ ಡಬ್ಬಿ ಮಾತ್ರ ನನ್ನ ಗಂಡನ ಹೆಸರಿಗೆ ಬಂತು.

೨. ಅತ್ತವರು ಯಾರು?

ನನ್ನ ಮಗಳು ಕನ್ನಡ ಮಾತಾಡುವುದು ಅಪರೂಪ. ಅವಳಿಗೆಲ್ಲಿ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ ಫೋನಿನಲ್ಲಿ ಸಂಪಾದಕರಿಗೆ ಓದಿ ಹೇಳುತ್ತಿದ್ದೆ: "ಜಪಾನಿನ ಶಾಲೆಯ ಮೊದಲ ದಿನ ಮಗಳು ನನ್ನ ಸೆರಗು ಹಿಡಿದು ಅತ್ತಳು."

ಹೋಂವರ್ಕಿನಿಂದ ತಲೆ ಎತ್ತದೆಯೇ ಅವಳಂದಳು: "ಅಮ್ಮಾ, ದಟ್ಸ್ ರಾಂಗ್. ಯೂ ಕ್ರೈಡ್. ಕ್ಲಾಸ್ ಸೆನ್ಸೆಯಿ ನಿಂಗೆ ಟಿಶ್ಯೂ ಕೊಟ್ರು. ಆ್ಯಂಡ್ ಯೂ ವರ್ ವೇರಿಂಗ್ ಜೀನ್ಸ್."

ಸತ್ಯಕ್ಕೆ ತಲೆಬಾಗಿ ತಿದ್ದಿದೆ. ಈಗ ಪುಸ್ತಕದಲ್ಲಿ ಇಬ್ಬರೂ ಅಳುತ್ತೇವೆ. ಸೆರಗು ಹಾಗೇ ಇದೆ.

೩. ಬಾಗಿಲಿಗೆ ಬಂದ ಟವೆಲ್

ಪುಸ್ತಕ ಅಚ್ಚಿಗೆ ಹೋಗುವಾಗ ನಿಜವಾದ ಭಯ ಶುರುವಾಯಿತು. ಗೆಳತಿಯ ಬಗ್ಗೆ ಇಡೀ ಒಂದು ಅಧ್ಯಾಯ ಬರೆದಿದ್ದೆ. ಬಾತಿನ ಬಗ್ಗೆ ಆಡಿದ ಮಾತಿಗೇ ಮುನಿದವಳು ಇದನ್ನು ಓದಿದರೆ? ಅವಳನ್ನು ಕಳೆದುಕೊಂಡು ಈ ಊರಿನಲ್ಲಿ ನಾನಿರಲಾರೆ. ಕೊನೇ ಗಳಿಗೆಯಲ್ಲಿ ಆ ಅಧ್ಯಾಯವನ್ನೇ ಕಿತ್ತುಹಾಕಿದೆ.

ಗಂಡನಿಗೆ ಇದು ಗೊತ್ತಿರಲಿಲ್ಲ. ಇಲ್ಲಿ ಮನೆ ರಿಪೇರಿ ಮಾಡಿಸುವವರು ಅಕ್ಕಪಕ್ಕದವರಿಗೆ ಟವೆಲ್ ಕೊಟ್ಟು, ಮುಂದಾಗುವ ಗಲಾಟೆಗೆ ಮೊದಲೇ ಕ್ಷಮೆ ಕೇಳುವುದು ಪದ್ಧತಿ. ಕಾವಾಸಾಕಿಯ ಆಫೀಸಿನಲ್ಲಿ ದುಡಿದು ದುಡಿದು ಅರ್ಧ ಜಪಾನಿಯಾಗಿರುವ ನನ್ನ ಗಂಡ ಕನ್ನಡದ ಮನೆಗಳಿಗೆಲ್ಲ ಹೋಗಿ, ಬಗ್ಗಿ ಟವೆಲ್ ಕೊಟ್ಟು, "ಸುಮಿಮಾಸೆನ್, ನಮ್ಮವಳ ಪುಸ್ತಕ ಬರ್ತಿದೆ" ಅಂದು ಬಂದರು.

ಪುಸ್ತಕ ಬಂದ ವಾರವೇ ಗೆಳತಿ ಬಾಗಿಲಲ್ಲಿ ನಿಂತಿದ್ದಳು. ಮುಖ ಕೆಂಪಾಗಿತ್ತು.

"ಟವೆಲ್ ಕೊಟ್ರಲ್ಲಾ ಅಂತ ಎರಡೆರಡು ಸಲ ಓದ್ದೆ. ಕಸದ ಬುಟ್ಟಿ ಬಗ್ಗೆ ಎರಡು ಪೇಜ್ ಇದೆ. ನಾನೆಲ್ಲೇ?"

"ನಿಂಗೆ ಬೇಜಾರಾಗುತ್ತೇಂತ ತೆಗೆದೆ ಕಣೇ. ನೀನಿಲ್ದೆ ನಂಗಿಲ್ಲಿ ಯಾರಿದಾರೆ?"

ಅವಳ ಮುಖ ಸಡಿಲವಾಯಿತು. ಕಣ್ಣೂ ಒರೆಸಿಕೊಂಡಳು. ಸದ್ಯ, ಗೆಳತಿ ಉಳಿದಳು ಅಂದುಕೊಂಡೆ. ಅಷ್ಟರಲ್ಲಿ ಅವಳು ಚೀಲದಿಂದ ಹೊಸ ಟವೆಲೊಂದನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ ನನ್ನ ಮುಂದೆ ಚಾಚಿದಳು.

"ಇದ್ಯಾಕೆ?"

"ಸುಮಿಮಾಸೆನ್. ನಿನ್ನ ಪುಸ್ತಕದ ವಿಮರ್ಶೆ ಬರೆದಿದೀನಿ, ನಾಳೆ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪ್‌ಗೆ ಹಾಕ್ತೀನಿ. ಆರಂಭ ಚೆನ್ನಾಗಿದೆ."