ಮಾವನವರ ಮಿನಿಬೈಕ್ ಯಾವ ಕಂಪನಿಯದು?

ಗಂಡಸಿಗೆ ಮನೆಯಲ್ಲಿ ಒಂದು ಮೂಲೆಯಾದರೂ ಸ್ವಂತದ್ದು ಅಂತ ಇರಬೇಕು ಎಂಬುದು ನನ್ನ ಬಹುದಿನದ ವಾದ. ಆ ಮೂಲೆಯಲ್ಲಿ ಎಣ್ಣೆ ಸೋರುವ ಮಿನಿಬೈಕ್ ಇರಕೂಡದು ಎಂಬುದು ನನ್ನ ಹೆಂಡತಿಯ ತೀರ್ಪು. (ವಾದ ಯಾರದೇ ಇರಲಿ, ತೀರ್ಪು ಅವಳದೇ.)

ತೀರಿಹೋದ ಮಾವನವರ ಶೆಡ್ ಖಾಲಿ ಮಾಡುವಾಗ ಸಿಕ್ಕ ಗಾಡಿ ಅದು. ಮೊಣಕಾಲೆತ್ತರ, ಪುಟ್ಟ ಸೀಟು, ಅದಕ್ಕಿಂತ ಪುಟ್ಟ ಎಂಜಿನ್. ಯಾವ ಕಂಪನಿ, ಯಾವ ವರ್ಷದ್ದು ಎಂದು ಎಲ್ಲೂ ಬರೆದಿರಲಿಲ್ಲ. ಅದನ್ನು ಪತ್ತೆಹಚ್ಚುವ ಮಹತ್ಕಾರ್ಯವನ್ನು ನಾನೇ ತಲೆಯ ಮೇಲೆ ಹೊತ್ತುಕೊಂಡೆ. ನಂಬರಿಗಾಗಿ ಬಣ್ಣ ಕೆರೆದೆ. ಎಂಜಿನ್ ಬಿಚ್ಚಿ ಅದರ ಅಂಗಾಂಗಗಳನ್ನು ಅಡುಗೆಮನೆಯ ತಟ್ಟೆಗಳಲ್ಲಿ ಹರವಿದೆ. ಎಂಜಿನ್ ನೀರೆತ್ತುವ ಪಂಪಿನದು, ಚಕ್ರಗಳು ತಳ್ಳುಗಾಡಿಯವು ಎಂದು ಗೊತ್ತಾಯಿತು. ಇದೆಲ್ಲ ಹಿಂದಿನ ಯಾರೋ ಮಾಲೀಕನ ಕಿತಾಪತಿ ಎಂದು ಬದಿಗಿಟ್ಟೆ. ಸೀಟಿನ ಹಿಂದಿನ ಕಬ್ಬಿಣದ ಒರಗು ಮಾತ್ರ, ಬಳ್ಳಿಯ ಹಾಗೆ ಸುತ್ತಿಕೊಂಡ ಸರಳುಗಳ ಸಮೇತ, ಯಾವ ಕಂಪನಿಯ ಕ್ಯಾಟಲಾಗಿನಲ್ಲೂ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಫೋಟೋ ಹಾಕಿದೆ. ಹಳೆ ಗಾಡಿಗಳ ಪಂಡಿತರೊಬ್ಬರು, ಯಾವುದೋ ರಾಜಮನೆತನಕ್ಕೆ ವಿಶೇಷವಾಗಿ ಮಾಡಿಸಿದ್ದಿರಬೇಕು ಎಂದು ಉತ್ತರ ಬರೆದರು. ಅಂದಿನಿಂದ ನನ್ನ ನಡಿಗೆಯೇ ಬದಲಾಯಿತು.

"ಭಾನುವಾರ ಗುಜರಿಯವನು ಬರ್ತಾನೆ," ಎಂದಳು ಹೆಂಡತಿ. "ಅಷ್ಟರೊಳಗೆ ಇದನ್ನ ಯಾರು ಮಾಡಿದ್ರು, ಯಾವಾಗ ಮಾಡಿದ್ರು ಅಂತ ಹೇಳಿ, ಇಟ್ಕೊಳ್ಳಿ. ಇಲ್ಲಾಂದ್ರೆ ತೂಕಕ್ಕೆ ಹಾಕ್ತೀನಿ."

"ನಿಮ್ಮಪ್ಪನ ಗಾಡಿ ಕಣೇ."

"ಅಪ್ಪನ ನೆನಪಾಗೋಕೆ ನಂಗೆ ಎಣ್ಣೆ ಕಲೆ ಬೇಕಾಗಿಲ್ಲ," ಎಂದಳು. ದನಿ ಸ್ವಲ್ಪ ತಗ್ಗಿತ್ತು.

ಭಾನುವಾರ ಗುಜರಿಯವನು ತಕ್ಕಡಿ ಸಮೇತ ಬಾಗಿಲಲ್ಲಿ ನಿಂತ. ನಾನು ಕೊನೆಯ ಅಸ್ತ್ರವೆಂದು ರಾಜಮನೆತನದ ಕಥೆ ಶುರುಮಾಡಿದೆ. ನಮ್ಮ ಜೊತೆಗೇ ಇರುವ ಅತ್ತೆಯವರು ಕಿಟಕಿಯ ಪಕ್ಕ ಕೂತಿದ್ದವರು ನಕ್ಕುಬಿಟ್ಟರು.

"ಆ ಒರಗು ನನ್ನ ಮಂಚದ ತಲೆಕಡೆಯದು," ಎಂದರು. "ನಮ್ಮಪ್ಪ ಮಾಡಿಸಿಕೊಟ್ಟ ಮಂಚ. ಇವಳು ಹುಟ್ಟಿದ ವರ್ಷ ನಿಮ್ಮ ಮಾವ ಅದನ್ನ ಕೊಯ್ದು ಗಾಡಿ ಮಾಡಿದ್ರು. ತುಂಬಿದ ಬಸುರಿ ನಾನು, ನೆಲದ ಮೇಲೆ ಮಲಗಿದೆ."

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ಯಾರ್ಯಾರನ್ನೋ ಕೇಳಿದ್ರಿ. ನನ್ನನ್ನೂ ಕೇಳ್ತೀರೇನೋ ಅಂತ ಕಾಯ್ತಾ ಇದ್ದೆ."

ನನಗೆ ನಾಚಿಕೆಯಾಯಿತು. ಒಂದೇ ಸೂರಿನಡಿ ಇದ್ದೂ ಅವರ ಜೊತೆ ನನ್ನ ಮಾತು 'ಊಟ ಆಯ್ತಾ' ಎನ್ನುವುದನ್ನು ದಾಟಿರಲಿಲ್ಲ. ಹೆಂಡತಿ ಕಬ್ಬಿಣದ ಬಳ್ಳಿಯ ಮೇಲೆ ಕೈಯಾಡಿಸುತ್ತ ನಿಂತಳು. ಆಮೇಲೆ ಗುಜರಿಯವನಿಗೆ ಹಳೆ ಪೇಪರ್ ಕೊಟ್ಟು ಕಳಿಸಿದಳು.

"ಇದರಲ್ಲಿ ಊರೆಲ್ಲ ಸುತ್ತಿದ್ರು," ಎಂದರು ಅತ್ತೆ. "ಇರೋದೊಂದೇ ಸೀಟು ಅಂತ ನನ್ನನ್ನ ಮಾತ್ರ ಒಂದು ದಿನಾನೂ ಕೂರಿಸಲಿಲ್ಲ."

"ಈಗ ಕೂತ್ಕೊಳ್ಳಮ್ಮ. ಇವರು ಕರ್ಕೊಂಡು ಹೋಗ್ತಾರೆ."

ಎಂಜಿನ್ ಇನ್ನೂ ತಟ್ಟೆಗಳಲ್ಲಿದೆ ಎಂದು ನಾನು ನೆನಪಿಸಿದೆ.

"ನೀವಿದ್ದೀರಲ್ಲ," ಎಂದಳು ಹೆಂಡತಿ.

ಅತ್ತೆಯವರು ತಮ್ಮ ಮಂಚಕ್ಕೆ ಒರಗಿ ಕೂತರು. ನಾನು ಬಗ್ಗಿ ತಳ್ಳಿದೆ. ಬೀದಿಯ ಕೊನೆ ಮುಟ್ಟಿ ಬರುವಷ್ಟರಲ್ಲಿ ನನ್ನ ನಡು ಬಿದ್ದುಹೋಗಿತ್ತು, ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದಿದ್ದವು. ಏದುಸಿರು ಬಿಡುತ್ತ ಮನೆಯ ಮುಂದೆ ನಿಲ್ಲಿಸಿದೆ. ಅತ್ತೆಯವರು ಇಳಿಯಲಿಲ್ಲ.

"ಈ ಎಂಜಿನ್ ಯಾವ ವರ್ಷದ್ದೇ?" ಎಂದು ಮಗಳನ್ನು ಕೇಳಿದರು. "ಸದ್ದು ಜಾಸ್ತಿ, ಎಳೆಯೋದು ಕಮ್ಮಿ." ಹಾಗೆಂದು ಹ್ಯಾಂಡಲನ್ನು ಮತ್ತೆ ಬೀದಿಯ ಕಡೆಗೆ ತಿರುಗಿಸಿದರು.