ಅರ್ಧ ಕಥೆಯ ಟೈಲರಮ್ಮ

ನಮ್ಮ ದೊಡ್ಡಮ್ಮನಷ್ಟು ಸೋತ ಸುವಾರ್ತೆಗಾರ್ತಿ ಇಡೀ ಶಿಡ್ಲಘಟ್ಟದಲ್ಲಿ ಇನ್ನೊಬ್ಬರಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಮೂವತ್ತು ವರ್ಷ ಒಂದು ದಿನವೂ ಬಿಡದೆ ಯೇಸುಸ್ವಾಮಿಯ ವಿಷಯ ಹೇಳಿ, ಒಬ್ಬರೇ ಒಬ್ಬರನ್ನೂ ನಮ್ಮ ಚರ್ಚಿನ ಮೆಟ್ಟಿಲು ಹತ್ತಿಸದೆ ಇರುವುದು ಅಂದರೆ ಹುಡುಗಾಟವೇ? ಕ್ರಿಸ್‌ಮಸ್ ದಿನ ಬಂದವರನ್ನು ಇದಕ್ಕೆ ಸೇರಿಸಬಾರದು. ಅವರು ಕೇಕಿಗೆ ಬಂದವರು.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ, "ಅಳತೆಗೆ ಸರಿಯಾಗಿರೋರು ಸಿಗ್ಲಿಲ್ಲ ಕಣೇ" ಅನ್ನುತ್ತಾರೆ. ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಅವರ ಟೈಲರ್ ಅಂಗಡಿ. ಒಂದು ಮೆಷಿನ್ನು, ಒಂದು ಸ್ಟೂಲು, ಒಂದು ಹೂವಿನ ಪರದೆ, ಹೊರಗಡೆ 'ಲೇಡೀಸ್ ಓನ್ಲಿ' ಅಂತ ಬೋರ್ಡು. ಗಂಡಸರ ಬಟ್ಟೆ ಮುಟ್ಟುವುದಿಲ್ಲ. ಒಂದು ಸಲ ನಮ್ಮಪ್ಪ ಪೈಜಾಮದ ಹೊಲಿಗೆ ಬಿಟ್ಟಿದೆ ಅಂತ ತಂದುಕೊಟ್ಟರೆ, "ಬೋರ್ಡ್ ಓದ್ಕೊಂಡ್ ಬಾರಪ್ಪ" ಅಂತ ಬಾಗಿಲಿನಿಂದಲೇ ವಾಪಸು ಕಳಿಸಿದವರು.

ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಶನಿವಾರ ಮಧ್ಯಾಹ್ನ ಬಸ್ಸಿಳಿದು ನೇರವಾಗಿ ಈ ಅಂಗಡಿಗೆ ಬಂದು, ಬ್ಲೌಸುಗಳಿಗೆ ಹುಕ್ಸ್ ಹಾಕಿಕೊಡುವುದು ಎಂಟನೇ ವಯಸ್ಸಿನಿಂದ ಬಂದ ಅಭ್ಯಾಸ. ಹಾಗಾಗಿ ಮುಂದೆ ಹೇಳುವುದೆಲ್ಲ ಸ್ಟೂಲಿನ ಮೇಲೆ ಕೂತು ಕಣ್ಣಾರೆ ಕಂಡದ್ದು.

ಎಲ್ಲ ಟೈಲರುಗಳಿಗೂ ಗಿರಾಕಿ ಒಂದು ಹಳೇ ಅಳತೆ ಬ್ಲೌಸ್ ತಂದುಕೊಟ್ಟರೆ ಸಾಕು, ಅದನ್ನಿಟ್ಟುಕೊಂಡು ಹೊಸದನ್ನು ಹೊಲಿಯುತ್ತಾರೆ. ನಮ್ಮ ದೊಡ್ಡಮ್ಮನ ಹತ್ತಿರ ಅದು ನಡೆಯುವುದಿಲ್ಲ. "ಮೈ ದಿನಕ್ಕೊಂದು ಥರ ಇರುತ್ತೆ ಕಣಮ್ಮ. ಹಳೇ ಅಳತೆ ನಂಬ್ಕೊಂಡು ಹಾಳಾದೋರನ್ನ ಎಷ್ಟ್ ಜನ ನೋಡಿದೀನಿ. ತೋಳೆತ್ತು" ಅನ್ನುತ್ತಾರೆ. ಅಸಲು ಕಾರಣ ಅದಲ್ಲ. ಅಳತೆ ಬ್ಲೌಸಿಗೆ ಕಥೆ ಹೇಳುವುದಕ್ಕೆ ಆಗುತ್ತದೆಯೇ? ಕಥೆ ಕೇಳುವುದಕ್ಕೆ ಮನುಷ್ಯರು ಬೇಕು, ಅವರು ಎದ್ದುಹೋಗದ ಹಾಗೆ ನಿಂತಿರಬೇಕು. ಎರಡೂ ಕೈ ಮೇಲೆತ್ತಿ, ಮೈಸುತ್ತ ಟೇಪು ಸುತ್ತಿಸಿಕೊಂಡು ನಿಂತ ಹೆಂಗಸು ಎಲ್ಲಿಗೆ ತಾನೇ ಓಡಿಹೋದಾಳು!

ಕಥೆ ಯೇಸುಸ್ವಾಮಿ ಹೇಳಿದ್ದೇ. ಒಬ್ಬ ತಂದೆಗೆ ಇಬ್ಬರು ಗಂಡುಮಕ್ಕಳು. ಭುಜಕ್ಕೆ ಟೇಪು ಇಟ್ಟಾಗ ಕಿರಿಮಗ ಪಾಲು ಕೇಳುತ್ತಾನೆ. ತೋಳಿನ ಉದ್ದಕ್ಕೆ ಬಂದಾಗ ಮನೆ ಬಿಡುತ್ತಾನೆ. ಎದೆಯ ಸುತ್ತಳತೆಯ ಹೊತ್ತಿಗೆ ಕೈಯಲ್ಲಿದ್ದದ್ದೆಲ್ಲ ಖಾಲಿ. ಟೇಪು ಸೊಂಟಕ್ಕೆ ಇಳಿಯುವಷ್ಟರಲ್ಲಿ ಪಾಪ, ಯಾರದೋ ಊರಿನಲ್ಲಿ ಹಸಿದುಕೊಂಡು ಹಂದಿ ಮೇಯಿಸುತ್ತಾ ಕೂತಿರುತ್ತಾನೆ. ಅಲ್ಲಿಗೆ ದೊಡ್ಡಮ್ಮ ಟೇಪನ್ನು ಸುತ್ತಿ ಕೊರಳಿಗೆ ಹಾಕಿಕೊಂಡು, "ಶುಕ್ರವಾರ ಬಾರಮ್ಮ, ಕೊಡ್ತೀನಿ" ಅನ್ನುತ್ತಾರೆ.

"ಅಯ್ಯೋ, ತರುವಾತ?" ಅನ್ನುತ್ತಾರೆ ತೆಲುಗು ಬೆರೆಸಿ ಮಾತಾಡುವ ನಮ್ಮ ಕಡೆಯ ಹೆಂಗಸರು.

"ಉಳಿದಿದ್ದು ಬ್ಲೌಸ್ ಜೊತೆಗೆ."

ಹೀಗಾಗಿ ಬೇರೆ ಟೈಲರುಗಳ ಹತ್ತಿರ ಹೊಲಿದ ಬಟ್ಟೆ ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದರೆ, ನಮ್ಮ ದೊಡ್ಡಮ್ಮನ ಗಿರಾಕಿಗಳು ಶುಕ್ರವಾರ ಅಂದರೆ ಗುರುವಾರವೇ ಹಾಜರು.

ಆದರೆ ಒಂದು ಯಡವಟ್ಟು ಇತ್ತು. ಕೇಳುವವರಿಗೆ ಹತ್ತಿರವಾಗಲಿ ಅಂತ ದೊಡ್ಡಮ್ಮ ಆ ತಂದೆಯನ್ನು ಸಾದಲಿ ಕಡೆಯ ರೈತನನ್ನಾಗಿ ಮಾಡಿ, ಐದೆಕರೆ ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ ಎಲ್ಲ ಕೊಟ್ಟುಬಿಟ್ಟಿದ್ದರು. ನಮ್ಮ ಕಡೆ ಜಮೀನಿನ ವಿಷಯ ಬಂದರೆ ಮುಗಿಯಿತು, ಪರಲೋಕ ಯಾರಿಗೆ ಬೇಕು?

"ಅಪ್ಪ ಬದುಕಿರುವಾಗ್ಲೇ ಪಾಲು ಕೊಟ್ನಾ? ಪೋಡಿ ಮಾಡ್ಸಿ ಜಮೀನು ಬೇರೆ ಮಾಡ್ಕೊಂಡ್ರಾ?" ಅಂತ ಒಬ್ಬರು.

"ಖಾತೆ ಆಗಿರಲ್ಲ ಬಿಡು. ಬರೀ ಬಾಯ್ಮಾತಲ್ಲಿ ಮಾಡ್ಕೊಂಡಿರ್ತಾರೆ" ಅಂತ ಇನ್ನೊಬ್ಬರು.

ಗಂಡ ಸರ್ವೆ ಇಲಾಖೆಯಲ್ಲಿ ಕೆಲಸ ಮಾಡುವ ಒಬ್ಬಾಕೆಯಂತೂ ಮನೆಗೆ ಹೋಗಿ ವಿಚಾರಿಸಿಕೊಂಡು ಬಂದು, "ನಮ್ಮನೆಯವ್ರು ಹೇಳಿದ್ರು, ದೊಡ್ಡ ಮಗ ತಕರಾರು ಅರ್ಜಿ ಹಾಕ್ಬೋದಂತೆ" ಅಂತ ವರದಿ ಒಪ್ಪಿಸಿದರು. ಸಾದಲಿಯಿಂದಲೇ ಬಂದಿದ್ದ ಒಬ್ಬ ಅಜ್ಜಿ ಊರೆಲ್ಲ ಹುಡುಕಿ ಸುಸ್ತಾಗಿ, "ಯಾರ ಮನೇದಮ್ಮ ಅದು? ನಮಗೆ ಗೊತ್ತಿಲ್ದೇ ಇರೋ ಮನೆ ನಮ್ಮೂರಲ್ಲಿ ಯಾವ್ದು?" ಅಂತ ದಬಾಯಿಸಿದರು.

"ಎಲ್ಲಾರ ಮನೇದೂ ಅಜ್ಜಿ" ಅಂದರು ದೊಡ್ಡಮ್ಮ.

"ಹಂಗಂದ್ರೆ ಹೇಳಕ್ ಇಷ್ಟ ಇಲ್ಲ ಅಂತ" ಅಂತ ಅಜ್ಜಿ ಮುನಿಸಿಕೊಂಡು ಹೋದರು. ಮುಂದಿನ ಬ್ಲೌಸಿಗೆ ಮತ್ತೆ ಬಂದರು.

ಕಥೆಯ ಕೊನೆಯಲ್ಲಿ ಮಗ ಮನೆಗೆ ಬಂದಾಗ ತಂದೆ ಕೊಬ್ಬಿದ ಕರು ಕೊಯ್ಯಿಸುತ್ತಾನೆ. ಆ ಜಾಗದಲ್ಲಿ ದೊಡ್ಡಮ್ಮ ಜಾಣತನದಿಂದ ಹೋತ ಕಟ್ಟಿದ್ದರು. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರಿಗೆ ಈ ಸುದ್ದಿ ಹೋಗಿ, ದೇವರ ಮಾತನ್ನು ತಿದ್ದಬಹುದೇ ಅಂತ ಕೇಳಿದರು. "ಕರು ಅಂದ್ರೆ ಅಲ್ಲೇ ಕಥೆ ನಿಂತೋಗುತ್ತೆ ಅಣ್ಣ. ಹುಡುಗ ಮನೆಗೆ ಬರೋದು ಮುಖ್ಯಾನೋ, ಊಟಕ್ಕೇನು ಅನ್ನೋದ್ ಮುಖ್ಯಾನೋ?" ಅಂದರು ದೊಡ್ಡಮ್ಮ. ಹಿರಿಯರು ಯೋಚನೆ ಮಾಡಿ ಹೇಳುತ್ತೇನೆ ಅಂದರು. ಇನ್ನೂ ಯೋಚನೆ ಮಾಡುತ್ತಿದ್ದಾರೆ.

ದೊಡ್ಡಮ್ಮನಿಗೆ ಊಟಕ್ಕಿಂತ ಮುಖ್ಯವಾದದ್ದು ಅಂಗಿ. ತಂದೆ ಮಗನಿಗೆ ಒಳ್ಳೆಯ ಅಂಗಿ ತೊಡಿಸುತ್ತಾನಲ್ಲ, ಅದರ ಬಗ್ಗೆ ಯಾವ ಬೋಧಕರೂ ಹೇಳದ ವ್ಯಾಖ್ಯಾನ ನಮ್ಮ ದೊಡ್ಡಮ್ಮನದು. "ಯೋಚ್ನೆ ಮಾಡಮ್ಮ. ಹುಡುಗ ಹೇಳದೆ ಕೇಳದೆ ಬಂದವ್ನೆ. ಬಂದ ಗಳಿಗೇಲೇ ಅಂಗಿ ತಂದ್ರು, ಹಾಕಿದ್ರು. ಅಳತೆ ಯಾವಾಗ ತಗೊಂಡ್ರು? ಯಾವಾಗ ಹೊಲಿದ್ರು? ನಾನು ಟೈಲರ್, ನಂಗೊತ್ತು, ಅಂಗಿ ಅಷ್ಟ್ ಬೇಗ ಆಗಲ್ಲ. ಅವನು ಬರೋಕ್ ಮುಂಚೇನೇ ಆ ಅಪ್ಪ ಹೊಲಿಸಿ ಇಟ್ಟವ್ನೆ." ಇಷ್ಟು ಹೇಳಿ, ಹೊಲಿದ ಬ್ಲೌಸನ್ನು ಮಡಿಸಿ ಕೈಗಿಡುತ್ತಿದ್ದರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ತೋಳು ಸ್ವಲ್ಪ ಬಿಗಿಯಾಗಿದೆ ಅನ್ನುತ್ತಿದ್ದರು.

ಇಷ್ಟೆಲ್ಲ ಆದರೂ ಚರ್ಚಿಗೆ ಬಂದವರು ಸೊನ್ನೆ.

ಹೋದ ವರ್ಷ ನಮ್ಮ ಸಭೆಗೆ ಹೊಸ ಪಾಸ್ಟರ್ ಬಂದರು. ಚಿಕ್ಕ ವಯಸ್ಸು, ಒಳ್ಳೆಯವರು, ಹುರುಪು ಜಾಸ್ತಿ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ, ಯಾರಿಗೆ ಸುವಾರ್ತೆ ಹೇಳಿದಿರಿ, ಯಾರನ್ನು ಕರೆತಂದಿರಿ ಅಂತ ಕೇಳುತ್ತಾ ಬಂದರು. ನಾನು ಕಂಬದ ಹಿಂದೆ ಸರಿದುಕೊಂಡೆ. ನಮ್ಮ ಸ್ಟಾಫ್ ರೂಮಿನಲ್ಲಿ ನಾನು ಕ್ರೈಸ್ತಳು ಅನ್ನುವುದು ಡಿಸೆಂಬರಿನಲ್ಲಿ ಮಾತ್ರ ಎಲ್ಲರಿಗೂ ನೆನಪಾಗುವ ವಿಷಯ. ಅದೂ ನಾನು ಹೇಳಿ ಅಲ್ಲ.

ದೊಡ್ಡಮ್ಮ ಎದ್ದು ನಿಂತರು. "ಹೇಳಿದ್ದು ಎಷ್ಟ್ ಜನಕ್ಕೋ ಗೊತ್ತಿಲ್ಲ ಅಯ್ಯನೋರೇ. ಬಂದೋರು ಯಾರೂ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಪಾಸ್ಟರ್ ನಗಲಿಲ್ಲ. ಅವರು ಮೆತ್ತಗೆ, "ಅಮ್ಮ, ಬರೀ ಕಥೆ ಹೇಳಿದರೆ ಸಾಲದೇನೋ" ಅಂದರು. ಅಷ್ಟೇ ಅಂದದ್ದು. ನಾನಾದರೂ ಸುಮ್ಮನಿರಬೇಕಾಗಿತ್ತು. ಮನೆಗೆ ಹೋಗುವ ದಾರಿಯಲ್ಲಿ, "ಸಾಕು ಬಿಡಿ ದೊಡ್ಡಮ್ಮ, ಮೂವತ್ತು ವರ್ಷ ಹೇಳಿದ್ರಿ. ಕಾಲಾನೂ ಸರಿಯಿಲ್ಲ. ಇನ್ನು ಬರೀ ಬಟ್ಟೆ ಹೊಲೀರಿ" ಅಂದುಬಿಟ್ಟೆ. ಅವರು ನನ್ನ ಮುಖ ನೋಡಿ, "ಆಯ್ತು ಕಣೇ" ಅಂದರು.

ಮಾರನೆಯ ದಿನದಿಂದ ಅಂಗಡಿಯಲ್ಲಿ ಮೆಷಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೌನವಾಗಿ ಟೇಪು ಹಿಡಿದರು, ಮೌನವಾಗಿ ಬರೆದುಕೊಂಡರು. ಇನ್ನು ಕೆಲಸ ಬೇಗ ಬೇಗ ಸಾಗುತ್ತದೆ ಅಂತ ನಾನು ತಿಳಿದಿದ್ದೆ. ಆದದ್ದೇ ಬೇರೆ. ಮೂವತ್ತು ವರ್ಷದಿಂದ ಅವರ ಕೈ ಕಥೆಯ ಜೊತೆಗೇ ನಡೆದುಕೊಂಡು ಬಂದಿತ್ತು. ಕಿರಿಮಗ ಮನೆ ಬಿಡದೆ ತೋಳಿನ ಅಳತೆ ನೆನಪಾಗುತ್ತಿರಲಿಲ್ಲ! ಒಬ್ಬರ ಬ್ಲೌಸಿಗೆ ಒಂದು ತೋಳು ಗಿಡ್ಡ, ಒಬ್ಬರಿಗೆ ಸೊಂಟ ಸಡಿಲ. ಸರ್ವೆ ಇಲಾಖೆಯವರ ಹೆಂಡತಿಗೆ ಹೊಲಿದದ್ದರಲ್ಲಿ ಇಬ್ಬರು ಹಿಡಿಸುತ್ತಿದ್ದರು. ಎರಡು ವಾರದಲ್ಲಿ ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗುವ ಹಾಗಾಯಿತು.

ಎರಡನೆಯ ಶನಿವಾರ, ನಾನು ಹುಕ್ಸ್ ಹಾಕುತ್ತಾ ಕೂತಿದ್ದಾಗ ಸಾದಲಿ ಕಡೆಯ ಒಬ್ಬ ಹೆಂಗಸು ಬಂದರು. ದೊಡ್ಡಮ್ಮ ಮಾತು ನಿಲ್ಲಿಸುವುದಕ್ಕೆ ಮುಂಚಿನ ದಿನ ಅಳತೆ ಕೊಟ್ಟು ಹೋದವರು, ಅಂದರೆ ಅರ್ಧ ಕಥೆ ಕೇಳಿದವರು. ಹುಳು ಸಾಕುವ ಗಡಿಬಿಡಿಯಲ್ಲಿ ಶುಕ್ರವಾರ ಬರಲಾಗದೆ ಈಗ ಬಂದಿದ್ದರು. ದೊಡ್ಡಮ್ಮ ಬ್ಲೌಸನ್ನು ಕವರಿನಲ್ಲಿ ಹಾಕಿ ಕೊಟ್ಟರು. ಆಕೆ ತೆಗೆದುಕೊಂಡರು. ಹೋಗಲಿಲ್ಲ.

"ಉಳಿದಿದ್ದು?" ಅಂದರು.

"ಲೈನಿಂಗ್ ಬಟ್ಟೇನಾ? ಮಿಕ್ಕಿಲ್ಲಮ್ಮ."

"ಕಥೆ ಅಕ್ಕ. ಆ ಹುಡುಗ ಹಂದಿ ಕಾಯ್ತಿದ್ದ. ತರುವಾತ ಏನಾಯ್ತು? ಅವರಪ್ಪ ಸೇರಿಸ್ಕೊಂಡ್ನಾ, ಇಲ್ವಾ?"

ದೊಡ್ಡಮ್ಮ ನನ್ನ ಕಡೆ ನೋಡಿದರು. "ನಾನೀಗ ಹೇಳೋದ್ ಬಿಟ್ಟಿದೀನಮ್ಮ" ಅಂದರು.

ಆಕೆ ಸೀದಾ ನೆಲದ ಮೇಲೆ ಕೂತುಬಿಟ್ಟರು. ಅಳುತ್ತಾ ಹೇಳಿದ್ದು ಇಷ್ಟು. ಅವರಿಗಿರುವುದು ಒಬ್ಬನೇ ಮಗ. ತನ್ನ ಹೆಸರಿಗೆ ಬರೆದಿದ್ದ ಒಂದೆಕರೆ ಹಿಪ್ಪುನೇರಳೆ ತೋಟ ಮಾರಿ, ಕಾರು ಕೊಂಡು ಬಾಡಿಗೆ ಓಡಿಸುತ್ತೇನೆ ಅಂತ ಅಪ್ಪನ ಜೊತೆ ಜಗಳ ಆಡಿಕೊಂಡು ಹೋದವನು. ಈಗ ಕಾರೂ ಇಲ್ಲ. ಮಂಚೇನಹಳ್ಳಿಯ ಸೋದರಮಾವನ ಮನೆಗೆ ಬಂದು ಕೂತಿದ್ದಾನೆ, ಊರಿಗೆ ಬರುವುದಕ್ಕೆ ಮುಖ ಇಲ್ಲ. ಅಪ್ಪ ಹೊಸಿಲು ತುಳಿಯಬಾರದು ಅಂದಿದ್ದಾರೆ. "ನಾನ್ ಹೇಳಿದ್ರೆ ಅವರು ಕೇಳಲ್ಲ. ಕಥೆ ಆದ್ರೂ ಹೇಳಣ ಅಂದ್ರೆ ನಂಗೆ ಅರ್ಧಾನೇ ಗೊತ್ತು. ಮಾರ್ಕೆಟ್ಟಿಗೆ ಗೂಡು ಹಾಕಕ್ಕೆ ಅವರೂ ಬಂದವ್ರೆ, ಅಲ್ಲಿ ಟೀ ಕುಡೀತಾ ಕೂತವ್ರೆ."

ದೊಡ್ಡಮ್ಮ ಕೊರಳಿನ ಟೇಪನ್ನು ಒಂದು ಸಲ ಎಳೆದುಕೊಂಡರು. "ಕರ್ಕೊಂಡ್ ಬಾರಮ್ಮ" ಅಂದರು.

ಬಂದರು. ಆರಡಿ ಆಳು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಹೂವಿನ ಪರದೆ ಮುಂದೆ, ಬಣ್ಣಬಣ್ಣದ ಬ್ಲೌಸುಗಳ ನಡುವೆ, ಯಾವ ಕಡೆ ನೋಡಬೇಕು ಅಂತ ಗೊತ್ತಾಗದೆ ಫ್ಯಾನು ನೋಡಿಕೊಂಡು ನಿಂತರು. ದೊಡ್ಡಮ್ಮ ಕಥೆ ಹೇಳುವುದಕ್ಕೆ ಬಾಯಿ ತೆರೆದರು. ಒಂದು ಮಾತೂ ಹೊರಡಲಿಲ್ಲ. ಟೇಪು ಹಿಡಿಯದೆ ಅವರಿಗೆ ಕಥೆ ಬರುವುದೂ ಇಲ್ಲ ಅನ್ನುವುದು ಆಗ ತಿಳಿಯಿತು.

"ತೋಳೆತ್ತಪ್ಪ" ಅಂದರು.

"ಯಾಕಮ್ಮ?"

"ಎತ್ತು, ಹೇಳ್ತೀನಿ."

ಪಾಪ, ಎತ್ತಿದರು. ಭುಜಕ್ಕೆ ಟೇಪು ಬಿತ್ತು, ಕಿರಿಮಗ ಪಾಲು ಕೇಳಿದ. ನನ್ನನ್ನು ಎಬ್ಬಿಸಿ ಸ್ಟೂಲು ಹತ್ತಿ ತೋಳು ಅಳೆದರು, ಅವನು ಮನೆ ಬಿಟ್ಟ. ಮನುಷ್ಯ ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದರು. ಟೇಪು ಸೊಂಟಕ್ಕೆ ಬಂತು, ಹಂದಿ ಬಂತು. ಜೀವಮಾನದಲ್ಲೇ ಮೊದಲ ಸಲ ದೊಡ್ಡಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ಮಗ ಎದ್ದು ಹೊರಟಿದ್ದು, ಅಪ್ಪ ದೂರದಿಂದಲೇ ಗುರುತು ಹಿಡಿದಿದ್ದು, ಪಂಚೆ ಎತ್ತಿ ಕಟ್ಟಿಕೊಂಡು ರಸ್ತೆಯಲ್ಲಿ ಓಡಿದ್ದು, ಎಲ್ಲ ಹೇಳಿದರು. ಕೊನೆಗೆ ಅಂಗಿ ಬಂತು. "ಆ ಅಂಗಿ ಮುಂಚೇನೇ ಹೊಲಿಸಿಟ್ಟಿದ್ದ ಕಣಪ್ಪ ಅವನು. ಮಗ ಬರ್ತಾನೋ ಇಲ್ವೋ ಗೊತ್ತಿಲ್ದೇನೇ" ಅಂದರು.

ಅಳತೆ ಯಾವಾಗಲೋ ಮುಗಿದಿತ್ತು. ಅವರು ತೋಳು ಇಳಿಸಿರಲಿಲ್ಲ.

"ಆ ಅಳತೆ ಬರ್ಕೊಳಮ್ಮ" ಅಂದರು ಕೊನೆಗೆ, ಫ್ಯಾನಿನ ಕಡೆಗೇ ನೋಡುತ್ತಾ. "ಒಂದು ಶರ್ಟು. ಅವನೂ ನನ್ನಷ್ಟೇ ಇದ್ದಾನೆ. ತೋಳು ಮಾತ್ರ ಒಂದಿಂಚು ಉದ್ದ ಇಡು. ಅವನ ಕೈ ನಂದಕ್ಕಿಂತ ಉದ್ದ."

ಮೂವತ್ತು ವರ್ಷದ 'ಲೇಡೀಸ್ ಓನ್ಲಿ' ಬೋರ್ಡಿನ ಕೆಳಗೆ ದೊಡ್ಡಮ್ಮ ಒಂದು ಶರ್ಟು ಹೊಲಿದರು. ಕಾಲರು ಕೂರಲಿಲ್ಲ, ಮೂರು ಸಲ ಬಿಚ್ಚಿದರು. ಮುಂದಿನ ಶನಿವಾರ ಗಂಡ ಹೆಂಡತಿ ಅದನ್ನು ಕವರಿನಲ್ಲಿ ಹಿಡಿದುಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರು, ಅಲ್ಲಿಂದ ಮಂಚೇನಹಳ್ಳಿಗೆ. ಸಂಜೆ ಆಕೆಯ ಫೋನು ಬಂತು. ಊರಿಗೆ ಬಂದಾಯ್ತು, ಕಾಲರು ಸೊಟ್ಟ ಇದೆ, ಆದರೆ ಅವನು ಬಿಚ್ಚುತ್ತಿಲ್ಲ ಅಂದರು.

ಮಾರನೆಯ ದಿನ ಭಾನುವಾರ. ಪಾಸ್ಟರ್ ಮತ್ತೆ ಕೇಳುತ್ತಾ ಬಂದರು. ದೊಡ್ಡಮ್ಮ ಎದ್ದು, "ಇಲ್ಲಿಗೆ ಯಾರೂ ಬಂದಿಲ್ಲ ಅಯ್ಯನೋರೇ. ಒಬ್ಬ ಹುಡುಗ ಅವರ ಮನೆಗೆ ಹೋದ" ಅಂದು, ವಿಷಯವೆಲ್ಲ ಹೇಳಿ ಕೂತರು. ಈ ಸಲ ಯಾರೂ ನಗಲಿಲ್ಲ. ಪಾಸ್ಟರ್, "ನಾನೂ ಒಂದು ಶರ್ಟು ಹೊಲಿಸಬೇಕಾಗಿತ್ತಮ್ಮ" ಅಂದರು. "ಬೋರ್ಡ್ ಓದ್ಕೊಂಡ್ ಬನ್ನಿ ಅಯ್ಯನೋರೇ" ಅಂದರು ದೊಡ್ಡಮ್ಮ.

ಅವತ್ತು ಮಧ್ಯಾಹ್ನವೇ ದೊಡ್ಡಮ್ಮ ಅಂಗಡಿ ತೆಗೆದರು. ಕಥೆ ಇಲ್ಲದೆ ಅಳತೆ ಕೆಟ್ಟವರಿಗೆಲ್ಲ ಫೋನು ಹೋಗಿತ್ತು. ಅವರು ಬರುವುದಕ್ಕೆ ಮುಂಚೆ ನಾನು ಕೈಯಲ್ಲಿದ್ದ ಹುಕ್ಸ್ ಡಬ್ಬಿ ಕೆಳಗಿಟ್ಟು, ದೊಡ್ಡಮ್ಮನ ಮುಂದೆ ಹೋಗಿ ನಿಂತೆ. ಎಂಟನೇ ವಯಸ್ಸಿನಿಂದ ಕೇಳುತ್ತಾ ಬಂದ ಕಥೆ. ಯಾವತ್ತೂ ನನಗೆ ಅಂತ ಕೇಳಿದ್ದಿಲ್ಲ.

"ಏನೇ, ಬ್ಲೌಸ್ ಬೇಕಾ?" ಅಂದರು.

"ಮೊದ್ಲು ಹೇಳಿ ದೊಡ್ಡಮ್ಮ" ಅಂದೆ. ಎರಡೂ ತೋಳು ಎತ್ತಿದೆ.